ಇಂದಿರಕ್ಕ ಪೋಲೆಂಡಿಗೆ ಹೋದದ್ದು

ಇವತ್ತು ಬೆಳಿಗ್ಗೆ ಅಂಗಡಿಯ ಶಟರ್ ಎತ್ತುವಾಗ ಅದು ಎಂದಿನಂತೆ ಇಡೀ ಓಣಿಗೆ ಕೇಳುವ ಹಾಗೆ ಕಿರುಚಿತು. ಏನನ್ನಿಸಿತೋ ಏನೋ, ಎದುರಿನ ಕಿರಾಣಿಯಿಂದ ಹೊಲಿಗೆ ಮಷೀನಿನ ಎಣ್ಣೆಯ ಪುಟ್ಟ ಡಬ್ಬಿ ತಂದು ಎರಡೂ ಬದಿಗೆ ಬಿಟ್ಟೆ. ಕಿರುಚುವುದೇನೂ ನಿಲ್ಲಲಿಲ್ಲ. ಆದರೆ ಆ ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಡಬ್ಬಿ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟೆ. ಮಲ್ಲಿಗೆ, ಮೊದಲ ಮಳೆ ಮುಂತಾದವುಗಳ ವಾಸನೆಯಿಂದ ಹಳೆಯದು ನೆನಪಾಗುವ ಪುಣ್ಯವಂತರು ನೀವಿರಬಹುದು. ನನ್ನ ಪಾಲಿಗೆ ಬಂದದ್ದು ಮಷೀನ್ ಎಣ್ಣೆ. ಅದರ ಹಿಂದೆಯೇ ಬಂದವಳು ಇಂದಿರಕ್ಕ.

ನನ್ನದು ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಒಂದು ಜೆರಾಕ್ಸ್ ಅಂಗಡಿ. ಜೊತೆಗೆ ಆನ್‌ಲೈನ್ ಅರ್ಜಿ ತುಂಬಿಕೊಡುತ್ತೇನೆ. ಪಾನ್ ಕಾರ್ಡು, ಪಹಣಿ, ಪಾಸ್‌ಪೋರ್ಟು. ಈ ಭಾಗದ ಅರ್ಧ ಜನರ ಹುಟ್ಟಿದ ತಾರೀಕು ಅವರಿಗಿಂತ ನನಗೆ ಚೆನ್ನಾಗಿ ಗೊತ್ತು. ಗೋಡೆಯ ಆಚೆ ಬದಿಗೆ ಇಂದಿರಕ್ಕನ ಟೇಲರಿಂಗ್ ಅಂಗಡಿ ಇತ್ತು. ಬ್ಲೌಸು ಮಾತ್ರ. ಕಂಪ್ಲಿ, ಎಮ್ಮಿಗನೂರು, ಸಂಡೂರಿನಿಂದೆಲ್ಲ ಹೆಂಗಸರು ಬಸ್ಸು ಹತ್ತಿ ಬರುತ್ತಿದ್ದರು. ಇಂದಿರಕ್ಕ ಅವರನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರೆ ಸಾಕು, ಟೇಪು ಸುಮ್ಮನೆ ಶಾಸ್ತ್ರಕ್ಕೆ. ಯಾರು ದಪ್ಪಗಾದರು, ಯಾರಿಗೆ ಮೂರು ತಿಂಗಳು ಎಂಬುದು ಆಕೆಗೆ ಡಾಕ್ಟರಿಗಿಂತ ಮೊದಲೇ ತಿಳಿಯುತ್ತಿತ್ತು. ಆದರೆ ಒಬ್ಬರ ಅಳತೆಯನ್ನು ಇನ್ನೊಬ್ಬರಿಗೆ ಹೇಳಿದವಳಲ್ಲ. ಹತ್ತೊಂಬತ್ತು ವರ್ಷಗಳ ಅಳತೆ ಪುಸ್ತಕಗಳು ಟ್ರಂಕಿನಲ್ಲಿ, ಟ್ರಂಕಿನ ಕೀಲಿ ಆಕೆಯ ಸೊಂಟದಲ್ಲಿ. ಒಮ್ಮೆ ಒಬ್ಬಾಕೆ ಮೆಲ್ಲಗೆ, "ನಮ್ ನಾದಿನಿದು ಈ ಸಲ ಎಷ್ಟ್ ಬಂತಕ್ಕ?" ಎಂದು ಕೇಳಿದಳು. "ನಿಂದ ಎಷ್ಟ್ ಬಂತು ಅಂತ ಜೋರಾಗಿ ಹೇಳ್ಲೇನು?" ಎಂದಳು ಇಂದಿರಕ್ಕ. ಆಕೆ ಚಪ್ಪಲಿ ಹುಡುಕಿಕೊಂಡು ಹೊರಟಳು.

ಇಂಥ ಅಂಗಡಿಗೆ ಒಂದು ಮಧ್ಯಾಹ್ನ ಆಟೋದವನೊಬ್ಬ ಆರಡಿ ಎತ್ತರದ ಪರದೇಶಿಯನ್ನು ತಂದು ಇಳಿಸಿ ಹೋದ. ಹಂಪಿಯ ಮಾತಂಗ ಬೆಟ್ಟ ಇಳಿಯುವಾಗ ಮನುಷ್ಯ ಜಾರಿ ಕುಳಿತಿದ್ದ. ಪ್ಯಾಂಟು ಅವನಷ್ಟು ಗಟ್ಟಿಯಾಗಿರಲಿಲ್ಲ. ಹಿಂಬದಿಗೆ ಹಂಪಿಯ ನಕ್ಷೆಯನ್ನು ಅಡ್ಡ ಹಿಡಿದು ನಿಂತಿದ್ದ.

"ನಾ ಗಂಡಸರ ಬಟ್ಟಿ ಹೊಲಿಯಂಗಿಲ್ಲ. ಬ್ಯಾರೆ ಕಡೆ ಕರ್ಕೊಂಡ್ ಹೋಗಲೇ ತಮ್ಮಾ," ಎಂದಳು ಇಂದಿರಕ್ಕ ನನಗೆ.

"ಹೆಂಗ್ ಕರ್ಕೊಂಡ್ ಹೋಗ್ಲಿ ಅಕ್ಕಾ? ನಕ್ಷೆ ಸ್ವಲ್ಪ ಸರಿಸಿ ನೋಡು."

ನೋಡಿದಳು. ಪ್ಯಾಂಟಿಗಾಗಿ ಕೈ ಚಾಚಿದಳು. ಅವನು ನನ್ನ ಲುಂಗಿ ಉಟ್ಟುಕೊಂಡು ಜೆರಾಕ್ಸ್ ಮಷೀನಿನ ಪಕ್ಕ ಕುಳಿತ. ಆ ದಿನ ನನ್ನ ಅಂಗಡಿಗೆ ಬಂದಷ್ಟು ಜನ ಪರೀಕ್ಷೆಯ ಹಾಲ್ ಟಿಕೆಟ್ ಬಿಟ್ಟಾಗಲೂ ಬಂದಿರಲಿಲ್ಲ. ಅಷ್ಟು ಕಣ್ಣುಗಳನ್ನು ತಾಳಲಾರದೆ ಅವನು ಎದ್ದು ಇಂದಿರಕ್ಕನ ಬಾಗಿಲಿಗೆ ಹೋದ. ಆಕೆಯ ಕಟಿಂಗ್ ಟೇಬಲ್ಲಿನ ಒಂದು ಕಾಲು ಗಿಡ್ಡ. ಮಡಚಿದ ರಟ್ಟು ಇಟ್ಟಿದ್ದಳು. ಅವನು ಎಲ್ಲಿಂದಲೋ ಒಂದು ಮರದ ಚೂರು ಹೆಕ್ಕಿ, ಜೇಬುಚಾಕುವಿನಿಂದ ಕೆತ್ತಿ, ಕಾಲಿನಡಿ ಸೇರಿಸಿ ಅಲುಗಾಡಿಸಿ ನೋಡಿದ. ಟೇಬಲ್ಲು ಅಲುಗಲಿಲ್ಲ.

"ಕೇಳದಲೇ ಯಾಕ ಮುಟ್ಟಿದ್ನಂತ ಕೇಳು ಅವನ್ನ."

ನನ್ನ ಇಂಗ್ಲಿಷು ಫಾರ್ಮುಗಳಿಂದ ಕಲಿತದ್ದು. "ಮೇಡಂ ಆಸ್ಕಿಂಗ್, ವೈ ಟಚಿಂಗ್?" ಎಂದೆ. ಆ ಮನುಷ್ಯ ಕಿವಿಯಿಂದ ಲುಂಗಿಯ ತನಕ ಕೆಂಪಾದ.

ಅವನ ಹೆಸರು ಮಾರೆಕ್. ಓಣಿಯ ಬಾಯಲ್ಲಿ ಒಂದೇ ವಾರದಲ್ಲಿ ಮಾರಪ್ಪನಾದ. ಪೋಲೆಂಡಿನ ಒಂದು ಸಣ್ಣ ಊರಿನ ಬಡಗಿ. ಹಳೆಯ ಮನೆಗಳ ಬಾಗಿಲು ಕಿಟಕಿ ರಿಪೇರಿ ಮಾಡುವವನು. ಮುಂದಿನ ಚಳಿಗಾಲದಲ್ಲಿ ಮತ್ತೆ ಬಂದ. ಅದರ ಮುಂದಿನದರಲ್ಲೂ ಬಂದ. ಮೊದಲೆರಡು ವರ್ಷ ಇಬ್ಬರ ನಡುವಿನ ಮಾತಿಗೆ ನಾನೇ ದುಭಾಷಿ. ಪ್ರೇಮದಂಥ ನಾಜೂಕಿನ ವಸ್ತು ನನ್ನ ಇಂಗ್ಲಿಷಿನ ಮೂಲಕ ಹಾದುಹೋಗಿಯೂ ಬದುಕಿ ಉಳಿಯಿತೆಂದರೆ, ಅದರ ಗಟ್ಟಿತನದ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ. ಮೂರನೆಯ ವರ್ಷಕ್ಕೆ ಅವನೇ ಕನ್ನಡ ಕಲಿತ. ಗಿರಾಕಿಗಳಿಗೆ ಇಂದಿರಕ್ಕ ಹೇಳುವ 'ರ್ರಿ', ನನಗೆ ಹೇಳುವ 'ಲೇ' ಎರಡನ್ನೂ ಕೇಳಿ ಕೇಳಿ ಕಲಿತದ್ದರಿಂದ ಎಲ್ಲಿ ಯಾವುದೆಂಬುದು ಅವನಿಗೆ ಹತ್ತಲಿಲ್ಲ. ಬೀದಿನಾಯಿಗೆ "ಬರ್ರಿ, ಕುಂದ್ರಿ" ಎನ್ನುವನು; ಬ್ಯಾಂಕಿನ ಮ್ಯಾನೇಜರಿಗೆ "ಏನಲೇ, ಆರಾಮ?" ಎನ್ನುವನು.

ಮದುವೆಯಾದಾಗ ಇಂದಿರಕ್ಕನಿಗೆ ನಲವತ್ತನಾಲ್ಕು. ಆಕೆಯ ತಾಯಿ ಮಗನ ಮನೆಯಲ್ಲಿದ್ದರು. ಮಡಿ, ಆಚಾರದ ವೈಷ್ಣವ ಮನೆ. ಬೇಡವೆನ್ನಲು ಏನಾದರೂ ಕಾರಣ ಸಿಗಬಹುದೆಂದು ಆ ತಾಯಿ ಅಳಿಯನಾಗುವವನನ್ನು ಎದುರಿಗೆ ಕೂಡಿಸಿಕೊಂಡು ಕೇಳಿದರು: "ಏಕಾದಶಿ ಮಾಡ್ತಿಯೇನಪಾ?"

ಮಾರೆಕ್ ಗಂಭೀರವಾಗಿ ಜೇಬಿನಿಂದ ಪೆನ್ಸಿಲ್ ತೆಗೆದ. "ಮಾಡ್ತೀನ್ರಿ. ಎಷ್ಟು ಉದ್ದ, ಎಷ್ಟು ಅಗಲ?"

ಆ ತಾಯಿ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದವರು, ಹೊರಗೆ ಬಂದಾಗ ಕೈಯಲ್ಲಿ ಸಕ್ಕರೆ ಬಟ್ಟಲು ಹಿಡಿದಿದ್ದರು.

ಇಷ್ಟರವರೆಗೆ ನಾನು ಒಳ್ಳೆಯವನೇ. ಮುಂದಿನದರಲ್ಲಿ ನನ್ನ ಪಾತ್ರ ಅಷ್ಟು ಚೆನ್ನಾಗಿಲ್ಲ.

ರಿಜಿಸ್ಟರ್ ಮದುವೆಯಾಗಿ, ಇಂದಿರಕ್ಕ ಗಂಡನ ಊರಿಗೆ ಹೋಗುವುದೆಂದು ಠರಾವಾಯಿತು. ವೀಸಾ ಅರ್ಜಿ ನನ್ನ ಪಾಲಿಗೆ ಬಂತು. 'ಉದ್ಯೋಗ' ಎಂಬ ಕಾಲಂಗೆ ಬಂದೆ. 'ಸ್ವಂತ ಉದ್ಯೋಗ' ಎಂದು ಒತ್ತಿದರೆ ಕೆಳಗೆ ಒಂದು ಮೊಳ ಉದ್ದದ ಪಟ್ಟಿ ತೆರೆದುಕೊಳ್ಳುತ್ತಿತ್ತು: ನೋಂದಣಿ ಪತ್ರ ತೋರಿಸು, ಬಿಲ್ಲು ತೋರಿಸು, ಮಾಡಿದ ಕೆಲಸದ ದಾಖಲೆ ತೋರಿಸು. 'ಗೃಹಿಣಿ' ಎಂದು ಒತ್ತಿದರೆ ಏನೂ ಕೇಳುತ್ತಿರಲಿಲ್ಲ. ಊಟದ ಹೊತ್ತಾಗಿತ್ತು. ಗೃಹಿಣಿ ಎಂದು ಒತ್ತಿ, ಪ್ರಿಂಟ್ ತೆಗೆದು ಆಕೆಯ ಕೈಗೆ ಕೊಟ್ಟೆ.

ಇಂದಿರಕ್ಕ ಇಂಗ್ಲಿಷನ್ನು ಅಕ್ಷರ ಕೂಡಿಸಿಕೊಂಡು ಓದುತ್ತಿದ್ದಳು. ಬೆರಳು ಒಂದು ಕಡೆ ನಿಂತಿತು.

"ಹೌಸ್ ವೈಫ್ ಅಂದ್ರ ಏನಲೇ?"

"ಮನ್ಯಾಗ ಇರಾಕಿ ಅಕ್ಕಾ."

"ನಾ ಯಾವತ್ತು ಮನ್ಯಾಗ ಇದ್ದೀನಿ?"

"ಸುಮ್ನ ಒಂದ್ ಮಾತು ಅಕ್ಕಾ. ಸರಳ ಆಗ್ತೈತಿ ಅಂತ..."

ಪಕ್ಕದಲ್ಲಿದ್ದ ಮಾರೆಕ್ ಕೂಡ, "ಹೌದು ಇಂದಿರಾ, ಸರಳ," ಎಂದುಬಿಟ್ಟ. ಪಾಪ, ಗಂಡನಾಗಿ ಅವನಿಗಿನ್ನೂ ಒಂದು ತಿಂಗಳ ಅನುಭವ.

"ಹಂಗಾರ ನಿನ್ನ ಫಾರ್ಮಿನಾಗೂ ಅದನ್ನ ಬರ್ಕೋ. ನೀನೂ ಮನ್ಯಾಗ ಇರಾಂವ ಅಂತ," ಎಂದಳು. ದನಿ ಏರಿಸಲಿಲ್ಲ. ಕತ್ತರಿ ತೆಗೆದುಕೊಂಡು ಆ ಹಾಳೆಯನ್ನು ಮಧ್ಯಕ್ಕೆ, ಒಂದು ನೂಲು ಆಚೆ ಈಚೆ ಆಗದಂತೆ ನೆಟ್ಟಗೆ ಕತ್ತರಿಸಿದಳು. "ನಾ ಹೋಗಂಗಿಲ್ಲ. ಹತ್ತೊಂಬತ್ತು ವರ್ಷ ಹೊಲ್ದೀನಿ. ಏನೂ ಮಾಡಿಲ್ಲದಾಕಿ ಅಂತ ಬರಿಸ್ಕೊಂಡು ಆ ದೇಶಕ್ಕ ಹೋಗೂದು ನನಗ ಬ್ಯಾಡ."

ಹನ್ನೆರಡು ದಿನ ಆಕೆ ನಮ್ಮಿಬ್ಬರೊಡನೆಯೂ ಮಾತು ಬಿಟ್ಟಳು. ಮಾರೆಕ್ ನನ್ನ ಅಂಗಡಿಯಲ್ಲಿ ಕುಳಿತು ಗೋಡೆಯಾಚೆಯ ಮಷೀನಿನ ಸದ್ದು ಕೇಳುವನು. ಕೊನೆಗೆ ಒಂದು ದಿನ, "ಆ ಉದ್ದ ಪಟ್ಟಿ ತೆಗಿಯಲೇ," ಎಂದ. ಇಬ್ಬರೂ ಕುಳಿತು ಓದಿದೆವು. ನೋಂದಣಿ ಪತ್ರ? ಮಾಡಿಸಿಯೇ ಇರಲಿಲ್ಲ. ಬಿಲ್ಲು? ಆಕೆ ಒಂದನ್ನೂ ಬರೆದವಳಲ್ಲ. ಮಾಡಿದ ಕೆಲಸದ ದಾಖಲೆ ಎಂದರೆ ಟ್ರಂಕಿನಲ್ಲಿದ್ದ ಅಳತೆ ಪುಸ್ತಕಗಳು ಮಾತ್ರ. ಹೆಸರು, ಊರು, ತಾರೀಕು ಎಲ್ಲ ಇದ್ದ ಇಪ್ಪತ್ತೇಳು ಪುಸ್ತಕ. ಜೆರಾಕ್ಸ್ ಮಾಡಿ ಕಳಿಸಿದರೆ ಆಯಿತು ಎಂದು ನಾನು ಗೋಡೆಗೆ ಬಾಯಿಟ್ಟು ಹೇಳಿದೆ.

ಇಂದಿರಕ್ಕ ಗೋಡೆ ಸುತ್ತಿ ನನ್ನ ಮುಂದೆ ಬಂದು ನಿಂತಳು. "ತಲಿ ನೆಟ್ಟಗ ಅದ ಏನು ನಿಂದು? ಊರ ಹೆಣ್ಮಕ್ಕಳ ಎದಿ ಸುತ್ತಳತಿ ಪರದೇಶದ ಸರ್ಕಾರಕ್ಕ ಕಳಸ್ಲೇನು?"

ಹೀಗೆ ಹೇಳುವಾಗ ನನ್ನ ಅಂಗಡಿಯಲ್ಲಿ ಸಂಡೂರಿನ ಟೀಚರಮ್ಮ ಇದ್ದರು; ಹದಿನಾರು ವರ್ಷಗಳಿಂದ ಇಂದಿರಕ್ಕನ ಗಿರಾಕಿ. ಅವರು ಕನ್ನಡಕ ಸರಿಮಾಡಿಕೊಂಡು, "ಪುಸ್ತಕ ಕೊಡಬ್ಯಾಡ್ರಿ. ಪುಸ್ತಕದಾಗ ಇರೋರು ನಾವ ಸಾಕ್ಷಿ ಬರ್ದು ಕೊಡ್ತೀವಿ," ಎಂದರು.

ಮುಂದಿನ ಎರಡು ವಾರ ಚಿತ್ತವಾಡ್ಗಿಗೆ ಬರುವ ಆಟೋಗಳಲ್ಲೆಲ್ಲ ಹೆಂಗಸರು. ಬರೆಯಬಲ್ಲವರು ಬರೆದರು, ಬಾರದವರು ಹೇಳಿದರು, ನಾನು ಬರೆದುಕೊಂಡು ಇಂಗ್ಲಿಷಿಗೆ ಇಳಿಸಿದೆ, ಮಾರೆಕ್ ನನ್ನ ಇಂಗ್ಲಿಷನ್ನು ತಿದ್ದಿದ. ಟೀಚರಮ್ಮ ಬರೆದದ್ದು: "ಹೇಳಿದ ದಿನಕ್ಕೆ ಈಕೆ ಒಮ್ಮೆಯೂ ಬ್ಲೌಸು ಕೊಟ್ಟಿಲ್ಲ. ಆದರೂ ನಾನು ಬೇರೆ ಕಡೆ ಹೋಗಿಲ್ಲ. ಇದಕ್ಕಿಂತ ದೊಡ್ಡ ಸಾಕ್ಷಿ ನನ್ನಲ್ಲಿಲ್ಲ." ಕಂಪ್ಲಿಯ ಒಬ್ಬಾಕೆ ನಾಲ್ಕು ವರ್ಷದ ಹಿಂದೆ ಎಡ ತೋಳು ಬಿಗಿಯಾಗಿತ್ತೆಂದು ಒಂದು ಪುಟ ತುಂಬ ಬರೆಸಿದಳು, ಅನುವಾದದಲ್ಲಿ ಆ ತೋಳನ್ನು ನಾನು ಸಡಿಲಿಸಿದೆ. ಎಮ್ಮಿಗನೂರಿನ, ಗದ್ದೆ ಕೆಲಸದ ಹೆಣ್ಣುಮಗಳೊಬ್ಬಳು ನಿಂತೇ ಹೇಳಿದಳು: "ನನ್ ಗಂಡ ಸತ್ತ ವರ್ಷ ನಾ ಏನೂ ಹೊಲ್ಸಿದ್ದಿಲ್ಲ. ಅಕ್ಕ ಕೇಳದಲೇ ಒಂದು ಹೊಲ್ದು ಬಸ್ಸಿನ್ಯಾಗ ಕಳ್ಸಿದ್ಳು. ಹಸರಂದು. ಅಷ್ಟೊತ್ತಿಗೆ ನಾ ಭಾಳ ಸೊರಗಿದ್ದೆ. ಆದ್ರೂ ಸರಿಯಾಗಿ ಕುಂತಿತ್ತು. ಎಷ್ಟ್ ಸೊರಗೀನಿ ಅಂತ ಹೆಂಗ್ ಗೊತ್ತಾತೋ. ಇಷ್ಟ ಬರ್ಕೋ ಸಾಕು."

ಅರವತ್ತಕ್ಕೂ ಹೆಚ್ಚು ಪತ್ರಗಳಾದವು. ಕಟ್ಟು ಕಟ್ಟಿಕೊಂಡು ಗಂಡ ಹೆಂಡತಿ ದೂರದ ವೀಸಾ ಕಚೇರಿಗೆ ಹೋದರು. ಮೂರನೆಯ ದಿನ ವಾಪಸು ಬಂದ ಇಂದಿರಕ್ಕನ ಮುಖ ನೋಡಿ ಜೆರಾಕ್ಸ್ ಮಷೀನು ನಿಲ್ಲಿಸಿದೆ.

"ಆಗ್ಲಿಲ್ಲೇನಕ್ಕಾ?"

"ಆತು."

"ಮತ್ಯಾಕ ಹಿಂಗ?"

"ಗಂಡ ಚಹಾಕ್ಕ ಎಷ್ಟ್ ಸಕ್ರಿ ಹಾಕ್ಕೋತಾನಂತ ಕೇಳಿದ್ಳು ಆ ಆಫೀಸರಮ್ಮ. ಸಕ್ರಿ ಬ್ಯಾಡಂತಾನ, ಹಿಂದಿಂದ ಬೆಲ್ಲ ಕದ್ದು ತಿಂತಾನ ಅಂದೆ. ನಕ್ಕಳು. ಕೆಲಸ ಸ್ವಂತದ್ದೇನು ಅಂದಳು. ಹೂಂ ಅಂದೆ. ಮುಗೀತು." ಕಟ್ಟನ್ನು ನನ್ನ ಕೌಂಟರಿನ ಮೇಲೆ ಇಟ್ಟಳು. "ಬಿಚ್ಚಲೂ ಇಲ್ಲಲೇ! ಒಂದೂ ಓದಲಿಲ್ಲ."

"ವೀಸಾ ಆತಲ್ಲಕ್ಕಾ, ಬಿಡು."

"ನೀ ಓದು."

ಆಗ ನನಗೆ ಹೊಳೆಯಿತು. ಪತ್ರಗಳಲ್ಲಿ ಏನಿದೆಯೆಂಬುದು ಆಕೆಗೂ ಗೊತ್ತಿರಲಿಲ್ಲ. ಬರೆಸುವಾಗ ಇಣುಕಲಿಲ್ಲ, ಕೇಳಲಿಲ್ಲ. ಹೊರಗಿನಿಂದ ಯಾರೂ ಬರದಂತೆ ಶಟರ್ ಅರ್ಧ ಎಳೆದು, ಕನ್ನಡದ ಮೂಲಗಳನ್ನು ತೆಗೆದು ಒಂದೊಂದೇ ಓದಿದೆ. ಟೀಚರಮ್ಮನ ಪತ್ರಕ್ಕೆ ಜೋರಾಗಿ ನಕ್ಕಳು. ಎಡ ತೋಳಿನ ವಿಷಯಕ್ಕೆ ಜಗಳಕ್ಕೇ ನಿಂತಳು. ಎಮ್ಮಿಗನೂರಿನಾಕೆಯ ನಾಲ್ಕು ಸಾಲು ಓದುವಾಗ ಎದ್ದು ತನ್ನ ಅಂಗಡಿಗೆ ಹೋದಳು. ಹಿಂದೆ ಹೋಗಿ ನೋಡಿದರೆ ಮಷೀನಿಗೆ ಎಣ್ಣೆ ಬಿಡುತ್ತಿದ್ದಳು. ಎಣ್ಣೆ ಸ್ಟ್ಯಾಂಡಿನ ಮೇಲೆಲ್ಲ ಹರಿದು ನೆಲಕ್ಕೆ ಇಳಿಯುತ್ತಿತ್ತು, ಆಕೆಗೆ ಕಾಣುತ್ತಿರಲಿಲ್ಲ. ಮಾರೆಕ್ ಮೆಲ್ಲಗೆ ಕೈಯಿಂದ ಡಬ್ಬಿ ತೆಗೆದುಕೊಂಡ.

ಹೊರಡುವ ಮೊದಲಿನ ವಾರ ಟ್ರಂಕು ತೆರೆಯಿತು. ಹಾಳೆಗಳನ್ನು ಒಂದೊಂದಾಗಿ ಹರಿದು, ಬಂದ ಹೆಂಗಸರಿಗೆ ಅವರವರ ಅಳತೆ ಮಡಚಿ ಕೈಗಿಟ್ಟಳು. "ಬ್ಯಾರೆ ಟೇಲರಿಗೆ ತೋರಸು. ಇಲ್ಲಾ ಒಲಿಗೆ ಹಾಕು. ನಿಂದು ನಿನ್ನ ಕಡೆ ಇರ್ಲಿ." ಬರಲಾಗದವರ ಹಾಳೆಗಳನ್ನು ಹಿತ್ತಲಲ್ಲಿ ತಾನೇ ಸುಟ್ಟಳು. ನಾನು ಸಹಾಯಕ್ಕೆ ಹೋದರೆ, "ಆ ಕಡೆ ಮುಖ ಮಾಡಿ ನಿಲ್ಲು," ಎಂದಳು.

ಅಲ್ಲಿ ಮೊದಲ ವರ್ಷ ಸುಲಭವಿರಲಿಲ್ಲ. ಫೋನು ಮಾಡಿ ಒಮ್ಮೆ ಹೇಳಿದ್ದಳು: "ಇಲ್ಲಿ ಎಲ್ಲಾರೂ ನನ್ನ ಮಾರೆಕನ ಹೆಂಡ್ತಿ ಅಂತಾರಲೇ. ಚಿತ್ತವಾಡ್ಗ್ಯಾಗ ಅವನ್ನ ಇಂದಿರಕ್ಕನ ಗಂಡ ಅಂತಿದ್ರು." ಬ್ಲೌಸು ತೊಡುವವರು ಯಾರೂ ಇಲ್ಲ. ಭಾಷೆಯೋ, ಬಾಯಲ್ಲಿ ದಾರದುಂಡೆ ಇಟ್ಟುಕೊಂಡಂತೆ. ಆಮೇಲೆ ಪಕ್ಕದ ಮನೆಯ ಮುದುಕಿಯೊಬ್ಬಳ ಹಳೆಯ ಕೋಟಿನ ಒಳಬಟ್ಟೆ ಹರಿದಿತ್ತು. ಇಂದಿರಕ್ಕ ಅದನ್ನು ಕೇಳಿ ಪಡೆದು ಬದಲಾಯಿಸಿಕೊಟ್ಟಳು. ಆ ಮುದುಕಿ ಚರ್ಚಿನಲ್ಲಿ ಕೋಟು ಬಿಚ್ಚಿ ಒಳಮಗ್ಗುಲು ತೋರಿಸಿದಳಂತೆ. ಈಗ ಇಂದಿರಕ್ಕನದು ಸ್ವಂತ ಅಂಗಡಿ. ಬೋರ್ಡಿನಲ್ಲಿ ಮೇಲೆ ಅವರ ಭಾಷೆ, ಕೆಳಗೆ ಕನ್ನಡದಲ್ಲಿ 'ಇಂದಿರಾ ಟೇಲರ್ಸ್'. ಅಲ್ಲಿನವರು ಆ ಕನ್ನಡವನ್ನು ಬಳ್ಳಿಯ ಚಿತ್ತಾರ ಎಂದು ತಿಳಿದಿದ್ದಾರೆ. ಯಾರ ಕೋಟು ಬಿಗಿಯಾಗಿದೆ, ಯಾರದು ಸಡಿಲವಾಗಿದೆ ಎಂದು ನಾನು ಕೆದಕಿ ಕೇಳಿದರೆ ಫೋನು ಇಟ್ಟುಬಿಡುತ್ತಾಳೆ. ಗುರುತಿಲ್ಲದ ಪೋಲೆಂಡಿನವರ ಸೊಂಟದ ಸುತ್ತಳತೆ ಕೂಡ ನನಗೆ ಸಿಕ್ಕಿಲ್ಲ.

ಇದೆಲ್ಲ ನೆನೆಯುತ್ತ ಬಾಗಿಲಲ್ಲಿ ನಿಂತಿದ್ದಾಗ ಇವತ್ತಿನ ಮೊದಲ ಗಿರಾಕಿ ಬಂದಳು. ಕಂಪ್ಲಿ ಕಡೆಯ ಹಳ್ಳಿಯ, ಐವತ್ತರ ಹೆಣ್ಣುಮಗಳು. ಮಗಳ ಬಾಣಂತನಕ್ಕೆ ಮಸ್ಕತ್ತಿಗೆ ಹೋಗಬೇಕು, ಪಾಸ್‌ಪೋರ್ಟ್ ಅರ್ಜಿ ತುಂಬಿಕೊಡು ಎಂದಳು. ಹೆಸರಾಯಿತು, ಊರಾಯಿತು.

"ಏನ್ ಕೆಲಸ ಮಾಡ್ತೀರಮ್ಮಾ?"

"ಏನಿಲ್ಲಪ್ಪಾ, ಮನ್ಯಾಗ ಇರ್ತೀನಿ. ಹಂಗ ಬರ್ಕೋ."

ಬೆರಳು ಅಭ್ಯಾಸದಂತೆ ಹೊರಟಿತ್ತು. ಹಿಂದಕ್ಕೆ ಎಳೆದುಕೊಂಡು, ಸ್ಟೂಲು ಅವಳ ಕಡೆ ಸರಿಸಿದೆ. "ಬೆಳಿಗ್ಗೆ ಎದ್ದಾಗಿಂದ ಏನೇನು ಮಾಡ್ತೀರಿ, ಅಷ್ಟ ಹೇಳ್ರಿ."

ಆಕೆ ನನ್ನನ್ನು ಒಂದು ಕ್ಷಣ ಅನುಮಾನದಿಂದ ನೋಡಿ, ಕುಳಿತು, ಹೇಳತೊಡಗಿದಳು. ನಾಲ್ಕು ಎಮ್ಮೆ. ಡೈರಿಗೆ ಹಾಲು. ಭತ್ತದ ನಾಟಿಗೆ ಇಪ್ಪತ್ತು ಹೆಣ್ಣಾಳುಗಳ ಗುಂಪು ಕಟ್ಟಿಕೊಂಡು ಹೋಗುವುದು, ಯಾರ ಗದ್ದೆ ಮೊದಲು, ಯಾರದು ನಂತರ ಎಂದು ತೀರ್ಮಾನಿಸುವುದು. ಹಿಂದೆ ಸಾಲು ಬೆಳೆಯಿತು. "ಜಲ್ದಿ ಮಾಡ್ರೀ," ಎಂದು ಯಾರೋ ಕೂಗಿದರು. ನಾನು ಒತ್ತುತ್ತಲೇ ಇದ್ದೆ. ಎಮ್ಮೆಗಳನ್ನು ದಾಟುವ ಹೊತ್ತಿಗೇ ಕಾಲಂ ತುಂಬಿ, ಇನ್ನೊಂದು ಅಕ್ಷರವೂ ಹಿಡಿಯುವುದಿಲ್ಲವೆಂದು ಕಂಪ್ಯೂಟರು ಹಟ ಹಿಡಿಯಿತು. ಆಕೆ ಇನ್ನೂ ಬೆಳಗಿನ ಎಂಟು ಗಂಟೆಯಲ್ಲಿದ್ದಳು.