ನಮ್ಮ ಮನೆಯ ಮೂರು ವೋಟು

ಬೂತು ಮಹಡಿಯ ಮೇಲಿರುತ್ತಿತ್ತು. ಲಷ್ಕರ್ ಮೊಹಲ್ಲಾದ ನಮ್ಮ ಮನೆಗೆ ಎರಡೇ ಬೀದಿ ದೂರದ ಶಾಲೆ; ದೂರ ಕಷ್ಟವಲ್ಲ, ಮೆಟ್ಟಿಲು ಕಷ್ಟ. ನನ್ನ ಎಡಗಾಲು ಚಿಕ್ಕಂದಿನಲ್ಲೇ ಪೋಲಿಯೋಗೆ ಹೋದದ್ದು, ತೊಡೆಯವರೆಗೆ ಕಬ್ಬಿಣದ ಕ್ಯಾಲಿಪರ್. ಚುನಾವಣೆ ಬಂತೆಂದರೆ ಅಣ್ಣ, "ಮೇಲ್ಗಡೆ ಐತೆ ಬೂತು, ನೀನು ಎಂಗೆ ಹತ್ತೀಯ, ಬುಡು" ಎಂದು ಅವ್ವನನ್ನೂ ಅತ್ತಿಗೆಯನ್ನೂ ಕರೆದುಕೊಂಡು ಹೊರಟುಬಿಡುತ್ತಿದ್ದ. ಎರಡು ಚುನಾವಣೆ ಹೀಗೇ ಕಳೆದವು. ವಾಪಸು ಬಂದವರ ಬೆರಳಿನ ಶಾಯಿ ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಉರಿ ಇಟ್ಟುಕೊಂಡು ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಅಂಗವಿಕಲರಿಗೆಂದು ಹೊಸ ಕಾನೂನು ಬಂದಿದೆ ಎಂದು ಎಲ್ಲರೂ ಮಾತಾಡುತ್ತಿದ್ದ ಕಾಲ ಅದು, ತೊಂಬತ್ತರ ದಶಕದ ಕೊನೆ. ಭಾನುವಾರಗಳಲ್ಲಿ ನಾವು ಏಳೆಂಟು ಜನ ಒಂದು ಕಡೆ ಸೇರುತ್ತಿದ್ದೆವು. ಕಾಲಿಲ್ಲದವರು, ಕಣ್ಣಿಲ್ಲದವರು, ನನ್ನಂಥ ಬಾಯಿ ಜೋರಿನವರು. ಮತಗಟ್ಟೆಗಳನ್ನು ಕೆಳಗಿನ ಕೋಣೆಗೆ ತರಬೇಕು, ಮೆಟ್ಟಿಲಿದ್ದ ಕಡೆ ಹಲಗೆ ಹಾಕಬೇಕು, ಈ ಮಾತನ್ನು ವಿಧಾನಸಭೆಯಲ್ಲಿ ಎತ್ತಬೇಕು ಎಂದು ಅರ್ಜಿ ಬರೆದೆವು. ಅದನ್ನು ಶಾಸಕರಿಗೆ ಕೊಟ್ಟು ಮಾತಾಡುವ ಕೆಲಸ ನನ್ನ ಪಾಲಿಗೆ ಬಂತು.

ಶಾಸಕರದು ಒಂದು ಪದ್ಧತಿ. ಅರ್ಜಿ ಹಿಡಿದು ಬಂದವರ ಮುಖ ನೋಡುವ ಮೊದಲು ಮತದಾರರ ಪಟ್ಟಿ ನೋಡುವುದು. ಯಾವ ಬೀದಿ, ಮನೆ ನಂಬರ್ ಎಷ್ಟು ಎಂದು ಕೇಳಿದ ಅವರ ಪಿ.ಎ., ಪುಟ ತಿರುವಿ, ಬೆರಳಿಟ್ಟು ಓದಿದರು. "ನಿಮ್ಮನೇಲಿ ಮೂರೇ ವೋಟು ಕಣಮ್ಮ. ನಿಮ್ಮ ಹೆಸರಿಲ್ಲ."

ಅವ್ವ, ಅಣ್ಣ, ಅತ್ತಿಗೆ. ಗಂಡನ ಮನೆಗೆ ಹೋದ ತಂಗಿಯ ಹೆಸರು ಅಲ್ಲಿಯ ಪಟ್ಟಿಗೆ ಸೇರಿತ್ತು. ಮದುವೆಯಾಗಿ ಬಂದ ಅತ್ತಿಗೆಯ ಹೆಸರಿತ್ತು, ಅದೇ ಮನೆಯಲ್ಲಿ ಹುಟ್ಟಿದ ನನ್ನದಿರಲಿಲ್ಲ. ಶಾಸಕರು ಅರ್ಜಿ ಓದಿದರು. "ಸದನದಲ್ಲಿ ಕೇಳ್ತೀನಮ್ಮ, ನಿಮ್ಮ ಬೂತನ್ನೂ ಕೆಳಗಿಳಿಸೋಕೆ ಹೇಳ್ತೀನಿ. ಇಳಿಸಿದ್ಮೇಲೆ ನೀವು ಬಂದು ಮಾಡೋದೇನು?" ಎಂದರು. ಜೊತೆಗೆ ಬಂದಿದ್ದವರೆಲ್ಲ ನನ್ನ ಮುಖ ನೋಡಿದರು. ನಾಚಿಕೆಯಿಂದ ತಲೆ ತಗ್ಗಿಸಿ ಹೊರಗೆ ಬಂದೆ.

ಸರ್ಕಾರಿ ನೌಕರರನ್ನು ದಾರಿಯುದ್ದಕ್ಕೂ ಬಾಯಿಗೆ ಬಂದಂತೆ ಬೈದುಕೊಂಡು, ನಮ್ಮ ಬೀದಿಯ ಪಟ್ಟಿ ಬರೆದವರು ಯಾರೆಂದು ವಿಚಾರಿಸಿದೆ. ಒಬ್ಬ ಪ್ರೈಮರಿ ಶಾಲೆಯ ಮೇಷ್ಟ್ರು. ಶಾಲೆಗೇ ಹೋಗಿ, ಕುಂಟಿ ಅಂತ ಕಣ್ಣಿಗೆ ಕಾಣಲಿಲ್ಲವೇನ್ರೀ ಎಂದು ಹರಿಹಾಯ್ದೆ. ಪಾಪ, ಆ ಮನುಷ್ಯ ಕುರ್ಚಿ ಹಾಕಿ ಕೂರಿಸಿದರು.

"ಚೆನ್ನಾಗಿ ನೆನಪಿದೆಯಮ್ಮ. ಮೂರು ವರ್ಷ ಆಯ್ತು. ನನಗೆ ಕುಡಿಯೋಕೆ ನೀರು ಕೊಟ್ಟೋರೇ ನೀವು. ಕೊಟ್ಟು ಹೋಗಿ ಹೊಲಿಗೆ ಮಿಷನ್ ಹತ್ರ ಕೂತ್ರಿ. ಅವರ ಹೆಸರು ಬರ್ಕೊಳ್ಲಾ ಅಂತ ನಾನೇ ಕೇಳ್ದೆ. ನಮ್ಮ ತಂಗಿ ಮಗಳು, ನಂಜನಗೂಡಿಂದ ಬಂದವ್ಳೆ, ನಾಕು ದಿನ ಇದ್ದು ಹೋಯ್ತಾಳೆ ಅಂದ್ರು."

"ಯಾರು ಅಂದ್ರು?"

"ನಿಮ್ಮ ದೊಡ್ಡವ್ವ," ಎಂದರು ಮೇಷ್ಟ್ರು.

ಅವರು ಹೇಳುತ್ತಿರುವುದು ನನ್ನ ಅವ್ವನನ್ನು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಆವತ್ತು ನಾನು ಎರಡು ಮಾರು ದೂರದಲ್ಲಿ ಯಾರದೋ ರವಿಕೆ ಹೊಲಿಯುತ್ತಿದ್ದೆ. ಮಿಷನ್ನಿನ ಸದ್ದಿನಲ್ಲಿ ಒಂದು ಮಾತೂ ಕಿವಿಗೆ ಬಿದ್ದಿರಲಿಲ್ಲ.

ಮನೆಗೆ ಬಂದು ಕೇಳಿದಾಗ ಅವ್ವ ಇಲ್ಲವೆನ್ನಲಿಲ್ಲ. ಸೊಪ್ಪು ಸೋಸುತ್ತಲೇ ಹೇಳಿದಳು. "ಆಗ ನಿನ್ ತಂಗಿಗೆ ಮಂಡಿ ಮೊಹಲ್ಲಾದ ಸಂಬಂಧ ಕುದುರ್ತಿತ್ತು. ಒಬ್ಳೇ ಮಗಳು ಅಂದ್ಬುಟ್ಟಿದ್ವಿ. ಅವಳ ಮಾವ ಎಲೆಕ್ಷನ್ನಲ್ಲಿ ಲಿಸ್ಟ್ ಇಟ್ಕೊಂಡು ಮನೆಮನೆಗೆ ಚೀಟಿ ಬರ್ಯೋರು. ಇಂಥೋರ ಮಗಳು ಅಂತ ನಿನ್ ಹೆಸರು ಕಂಡ್ರೆ ಸುಮ್ನಿರ್ತಿದ್ರಾ?"

ಹೆಣ್ಣು ನೋಡಲು ಬಂದ ದಿನ ನನ್ನನ್ನು ಚಿಕ್ಕವ್ವನ ಮನೆಗೆ ಕಳಿಸಿದ್ದು, ಮದುವೆಯಲ್ಲಿ ಉಗ್ರಾಣ ಕಾಯಲು ಕೂರಿಸಿದ್ದು ಕಾಲಿನ ನಾಚಿಕೆಗೆ ಎಂದುಕೊಂಡಿದ್ದೆ. ಅಷ್ಟನ್ನು ನುಂಗಿಕೊಂಡೂ ಇದ್ದೆ. ನಾನು ಮಗಳೇ ಅಲ್ಲವೆಂದು ಊರಿಗೆಲ್ಲ ಹೇಳಿದ್ದಾರೆ ಎಂಬುದು ಗೊತ್ತಿರಲಿಲ್ಲ. ತಂಗಿಗೂ ಗೊತ್ತಿತ್ತಂತೆ. ಆ ಎರಡು ದಿನ ನಾನು ಊಟ ಮಾಡಲಿಲ್ಲ. ಯಾರೂ ಕರೆಯಲೂ ಇಲ್ಲ.

ಮೂರನೆಯ ದಿನ ಮೇಷ್ಟ್ರೇ ಫಾರಂ ಹಿಡಿದು ಮನೆಗೆ ಬಂದರು. ತಪ್ಪು ತಮ್ಮದೇ ಎಂಬಂತಿತ್ತು ಅವರ ಮುಖ. ಮನೆಯಲ್ಲಿ ಆಗಲೇ ವೋಟಿದ್ದವರು ಯಾರಾದರೂ, ಇವಳು ನಮ್ಮವಳು ಎಂದು ಸಹಿ ಮಾಡಬೇಕು ಎಂದರು. ಅವ್ವ ಸೆರಗಿಗೆ ಕೈ ಒರೆಸಿಕೊಂಡು ಬಂದು ಕೂತಳು. ಬಂದಳಲ್ಲ ಎಂದು ನನಗೆ ಒಳಗೊಳಗೇ ಹಿಗ್ಗಾಯಿತು.

"ವೋಟು ತಾನೆ ಇವಳಿಗೆ ಬೇಕಾದ್ದು? ಬರ್ಕೊಳಿ ಮೇಷ್ಟ್ರೇ," ಎಂದಳು. "ತಂದೆ ಹೆಸರು ಅಂತಿದ್ಯಲ್ಲ, ಅಲ್ಲಿ ಮಾತ್ರ ನಂಜನಗೂಡಲ್ಲಿರೋ ಇವಳ ಚಿಕ್ಕಪ್ಪನ ಹೆಸರು ಹಾಕ್ಬುಡಿ. ನಾನು ಸಹಿ ಮಾಡ್ತೀನಿ."

ಮೇಷ್ಟ್ರ ಪೆನ್ನು ಅಲ್ಲೇ ನಿಂತಿತು. ನಾನು ಅವ್ವನ ಮುಖವನ್ನೇ ನೋಡಿದೆ. ಅವಳು ಹುಚ್ಚಿಯಲ್ಲ, ಕೆಟ್ಟವಳೂ ಅಲ್ಲ. ನಿಜಕ್ಕೂ ಎಲ್ಲರಿಗೂ ಒಳ್ಳೆಯದಾಗುವ ದಾರಿ ಸಿಕ್ಕಿತು ಎಂಬ ಸಮಾಧಾನದಲ್ಲಿದ್ದಳು. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ದೊಡ್ಡಾಸ್ಪತ್ರೆಗೆ ತಿರುಗಿದವರು ನನ್ನಪ್ಪ. ಅವರು ಸತ್ತು ಐದು ವರ್ಷವಾಗಿತ್ತು. ಅವರನ್ನು ಇವಳು ನನ್ನಿಂದ ಕಿತ್ತುಕೊಳ್ಳುತ್ತಿದ್ದಾಳಲ್ಲ ಎಂದು ಎದೆ ಒಡೆದುಹೋಯಿತು.

"ನಮ್ಮಪ್ಪನ ಹೆಸರೇ ಬರೀರಿ ಸಾರ್," ಎಂದು ಶಾಲೆಯ ಮಾರ್ಕ್ಸ್ ಕಾರ್ಡು ಮುಂದಿಟ್ಟೆ. ಅವರು ಅದನ್ನು ನೋಡಿ ಬರೆದುಕೊಂಡು ಫಾರಮ್ಮನ್ನು ಅವ್ವನ ಕಡೆ ತಿರುಗಿಸಿದರು.

"ಅಂಗಾದ್ರೆ ಬ್ಯಾಡ ಬುಡಿ," ಎಂದು ಅವ್ವ ಎದ್ದು ಒಳಗೆ ಹೋದಳು.

ಅಣ್ಣ ಅಂಗಡಿಯಲ್ಲಿದ್ದ. ಇದ್ದಿದ್ದರೂ ಅವ್ವನ ಮಾತು ಮೀರುವವನಲ್ಲ. ಬಾಗಿಲ ಹಿಂದೆ ನಿಂತು ಎಲ್ಲ ಕೇಳುತ್ತಿದ್ದ ಅತ್ತಿಗೆ ಹೊರಗೆ ಬಂದರು. ಅತ್ತೆಗೆ ಎದುರು ಮಾತಾಡಿದ್ದನ್ನು ಆ ಮನೆಯ ಗೋಡೆಯೂ ಕೇಳಿರಲಿಲ್ಲ. "ಕೊಡಿ ಇಲ್ಲಿ," ಎಂದು ಪೆನ್ನು ತೆಗೆದುಕೊಂಡರು.

"ಇವರು ನಿಮಗೆ ಏನಾಗ್ಬೇಕು?" ಎಂದು ಮೇಷ್ಟ್ರು ಕೇಳಿದರು.

"ನಾದಿನಿ. ನಮ್ಮ ಯಜಮಾನ್ರ ಒಡಹುಟ್ಟಿದೋಳು," ಎಂದು ಒಳಗೆ ಕೇಳಿಸುವಷ್ಟು ಜೋರಾಗಿ ಹೇಳಿ ಸಹಿ ಹಾಕಿದರು.

ಮುಂದಿನ ಚುನಾವಣೆಗೆ ಪಟ್ಟಿಯಲ್ಲಿ ನಮ್ಮ ಮನೆಯದು ನಾಲ್ಕು ವೋಟಾಯಿತು. ಶಾಸಕರು ಮಾತು ಉಳಿಸಿಕೊಂಡರು, ಬೂತು ಕೆಳಗೆ ಬಂದಿತ್ತು. ಅತ್ತಿಗೆಯೂ ನಾನೂ ಹತ್ತು ಗಂಟೆಗೆ ಹೊರಟೆವು. ಅವ್ವ ಬೆಳಿಗ್ಗೆ ಏಳಕ್ಕೇ, ಕಾಫಿಯನ್ನೂ ಕುಡಿಯದೆ, ಒಬ್ಬಳೇ ಹೋಗಿ ವೋಟು ಹಾಕಿ ಬಂದಿದ್ದಳು. ಸಾಲಿನಲ್ಲಿ ಅವಳು ನನ್ನ ಪಕ್ಕ ನಿಲ್ಲುವುದನ್ನು ತಂಗಿಯ ಗಂಡನ ಕಡೆಯವರು ಯಾರೂ ನೋಡಬಾರದಿತ್ತು.