ಎಡೆಗೆ ಮೊದಲು ಬೆಲ್ಲ

ಕೋವಿಡ್ ಮುಗಿದು ಶಾಲೆಗಳು ಸರಿಯಾಗಿ ತೆರೆದ ಮರುವರ್ಷ ನಾನು ಚಳ್ಳಕೆರೆಯಿಂದ ಬಡ್ತಿಯ ಮೇಲೆ ಮೊಳಕಾಲ್ಮೂರಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಮುಖ್ಯ ಶಿಕ್ಷಕಿಯಾಗಿ ಬಂದೆ. ಬಡ್ತಿಯ ಜೊತೆಗೆ ನನಗೆ ಸಿಕ್ಕಿದ್ದು ಸೋರುವ ಕೊಠಡಿ, ಕೆಟ್ಟುಹೋದ ಬೋರ್‌ವೆಲ್ ಮತ್ತು ಐದನೇ ತರಗತಿಯ ಭಾರ್ಗವಿ. ಮೊದಲಿನ ಎರಡಕ್ಕೆ ನಾನು ಹೆದರಲಿಲ್ಲ.

ಭಾರ್ಗವಿಗೆ ಟೈಪ್ ಒನ್ ಡಯಾಬಿಟಿಸ್. ಅಂದರೆ ದೇಹ ಇನ್ಸುಲಿನ್ ತಯಾರಿಸುವುದನ್ನೇ ನಿಲ್ಲಿಸಿರುತ್ತದೆ; ದಿನವೂ ಇಂಜೆಕ್ಷನ್ ಬೇಕು, ಅದರ ಹಿಂದೆಯೇ ಊಟವೂ ಬೇಕು. ಚುಚ್ಚಿಸಿಕೊಂಡು ಉಣ್ಣದಿದ್ದರೆ ರಕ್ತದಲ್ಲಿ ಸಕ್ಕರೆ ಇಳಿದು ಪ್ರಜ್ಞೆ ತಪ್ಪಬಹುದು, ಜೀವಕ್ಕೂ ಅಪಾಯ. ಡಾಕ್ಟರೊಬ್ಬರು ಇದನ್ನು ಬಿಡಿಸಿ ಹೇಳಿದ ದಿನವೇ ಮೇಜಿನ ಡ್ರಾಯರಿಗೆ ಗ್ಲೂಕೋಸ್ ಪೊಟ್ಟಣ ತಂದಿಟ್ಟೆ. ಆಮೇಲೆ ಆ ಹುಡುಗಿ ಆಕಳಿಸಿದರೂ ನನ್ನ ಎದೆ ಧಸಕ್ಕೆನ್ನುತ್ತಿತ್ತು.

ಶ್ರಾವಣ ಬಂತು. ಭಾರ್ಗವಿ ಶನಿವಾರ ಬರುವುದನ್ನು ನಿಲ್ಲಿಸಿದಳು. ಮೊದಲ ಶನಿವಾರ ಸ್ಟಾಫ್ ರೂಮಿನಲ್ಲಿ ಎಲ್ಲರೂ ನಿರಾಳವಾಗಿ ಟೀ ಕುಡಿದೆವು. ಮೂರನೆಯ ಶನಿವಾರವೂ ಅವಳು ಕಾಣದಿದ್ದಾಗ ಅವಳ ಗೆಳತಿಯರನ್ನು ಕೇಳಿದೆ. ಒಬ್ಬಳು ಹೇಳಿದಳು:

"ಶನಿವಾರ ಬಂದ್ರೆ ಅವ್ಳಿಗೆ ಕೈ ನಡುಗ್ತಾವೆ ಮಿಸ್. ಶ್ರಾವಣ ಮುಗಿದ್ಮೇಲೆ ಇಸ್ಕೂಲೇ ಬಿಡಿಸ್ತಾರಂತೆ."

ಬರೀ ಶನಿವಾರ ಬರುವ ನಡುಕ ಎಂಥ ಕಾಯಿಲೆ? ಯೋಚಿಸಿದಷ್ಟೂ ಹೆದರಿಕೆ ಹೆಚ್ಚಾಯಿತು. ಬೆಳಗಿನ ತರಗತಿ ಮುಗಿಯುತ್ತಲೇ ಅವಳ ಮನೆಯತ್ತ ನಡೆದೆ.

ಅವರದು ರೇಷ್ಮೆ ಸೀರೆ ನೇಯುವ ಮನೆ. ಅಂದು ಮಗ್ಗ ನಿಂತಿತ್ತು. ಶ್ರಾವಣ ಶನಿವಾರ ಆ ಮನೆಯ ಯಜಮಾನ ನಾಮ ಹಾಕಿಕೊಂಡು, ಗೋವಿಂದನ ಹೆಸರು ಹೇಳಿ ಐದು ಮನೆಯಲ್ಲಿ ಅಕ್ಕಿ ಬೇಡಿ ತರಬೇಕು. ಆ ಅಕ್ಕಿ ಬೆಂದು ದೇವರಿಗೆ ಎಡೆ ಇಡುವವರೆಗೆ ಯಾರೂ ಏನನ್ನೂ ಬಾಯಿಗೆ ಹಾಕುವಂತಿಲ್ಲ. ಭಾರ್ಗವಿಯ ಅಪ್ಪ ಆಗಷ್ಟೇ ಅಕ್ಕಿ ತಂದಿದ್ದ. ಅವನ ತಾಯಿ, ಭಾರ್ಗವಿಯ ಅಜ್ಜಿ, ದೇವರ ಮುಂದೆ ಕೂತಿದ್ದರು. ಹುಡುಗಿ ಗೋಡೆ ಬದಿಯ ಚಾಪೆಯ ಮೇಲೆ ಮಲಗಿದ್ದಳು, ಮುಖವೆಲ್ಲ ಬೆವರು.

"ಸೂಜಿ ಹಾಕಿದ್ರಾ?" ಎಂದು ತಾಯಿ ರತ್ನಮ್ಮನನ್ನು ಕೇಳಿದೆ.

"ಬೆಳಿಗ್ಗೇನೇ ಹಾಕೀವ್ರೀ. ಸೂಜಿ ಒಂದಿನಾನೂ ತಪ್ಪಿಸ್ಬಾರ್ದು ಅಂದಾರಲ್ಲ ಡಾಕ್ಟ್ರು."

"ತಿಂದಿದ್ದೇನು?"

"ಎಡೆ ಇನ್ನಾ ಆಗಿಲ್ವಲ್ರೀ."

ಹೆಸರು ಹಿಡಿದು ಕೂಗಿದೆ. ಭಾರ್ಗವಿ ಕಣ್ಣು ತೆರೆದಳು, ಆದರೆ ನನ್ನನ್ನು ಗುರುತಿಸಲಿಲ್ಲ. ಗ್ಲೂಕೋಸು ಶಾಲೆಯ ಡ್ರಾಯರಿನಲ್ಲಿ ಭದ್ರವಾಗಿತ್ತು! "ಬೆಲ್ಲ ಕೊಡಿ, ಮಗು ಕೈತಪ್ಪಿ ಹೋಗುತ್ತೆ" ಎಂದು ಚೀರಿದೆ. ಮನೆಯ ಬೆಲ್ಲವೆಲ್ಲ ದೇವರ ಮುಂದಿನ ತಟ್ಟೆಯಲ್ಲಿತ್ತು. ರತ್ನಮ್ಮ ತಟ್ಟೆ ನೋಡಿದಳು, ಅತ್ತೆಯ ಮುಖ ನೋಡಿದಳು, ಅಲ್ಲೇ ನಿಂತಳು. ಗಂಡನೂ ಅಲುಗಲಿಲ್ಲ. ನಾನೇ ಮುನ್ನುಗ್ಗಿದೆ.

ಅಷ್ಟರಲ್ಲಿ ಅಜ್ಜಿ ನನ್ನನ್ನು ಪಕ್ಕಕ್ಕೆ ತಳ್ಳಿದರು. ಬೈಗುಳ ಗ್ಯಾರಂಟಿ ಅಂದುಕೊಂಡೆ. ಅವರು ತಟ್ಟೆಯನ್ನೇ ಎತ್ತಿಕೊಂಡು, "ಸ್ವಾಮೀ, ಪಾಪಕಿ ಮುಂದು" ಎಂದರು. ಮೊದಲು ಮಗುವಿಗೆ ಎಂದು ದೇವರಿಗೇ ತಮ್ಮ ಮನೆಮಾತು ತೆಲುಗಿನಲ್ಲಿ ಹೇಳಿದ್ದು. ಬೆಲ್ಲ ಕದಡಿದ ನೀರನ್ನು, ನುಂಗುತ್ತಾಳೆಂದು ಖಾತ್ರಿ ಮಾಡಿಕೊಂಡು, ಚಮಚದಲ್ಲಿ ಸ್ವಲ್ಪಸ್ವಲ್ಪವೇ ಕುಡಿಸಿದೆವು.

ಬಹಳ ಹೊತ್ತೆನಿಸಿದ ಮೇಲೆ ಅವಳು ನನ್ನತ್ತ ನೋಡಿ, "ಮಿಸ್, ನೀವ್ಯಾಕೆ ಅಳ್ತಿದ್ದೀರಾ?" ಎಂದಳು. ಅಳುತ್ತಿದ್ದೇನೆಂದು ನನಗೆ ಗೊತ್ತಾದದ್ದೇ ಆಗ.

ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದೆವು. ಶನಿವಾರದ ನಡುಕ ಬೇರೆ ಕಾಯಿಲೆಯಲ್ಲ, ಸೂಜಿ ಹಾಕಿ ಉಪವಾಸ ಇಟ್ಟದ್ದರಿಂದ ಎಂದು ಡಾಕ್ಟರು ಹೇಳಿದರು; ಶಾಲೆ ಬಿಡಿಸುವ ಮಾತು ಅಲ್ಲಿಗೇ ನಿಂತಿತು. ಮುಂದಿನ ಶನಿವಾರ ಪ್ರಾರ್ಥನೆಯ ಹೊತ್ತಿಗೆ ಅಜ್ಜಿಯೇ ಅವಳ ಕೈ ಹಿಡಿದು ಬಂದರು. "ಇಡ್ಲಿ ತಿನ್ಸೇ ಕರ್ಕಂಡ್ ಬಂದೀನ್ರಿ. ಸ್ವಾಮಿ ಎಡೆಗೆ ಕಾಯ್ತಾನೆ, ಇವ್ಳ ಕೈಲಿ ಆಗಲ್ಲ" ಎಂದರು.

ಈಗ ನಿವೃತ್ತಳಾಗಿದ್ದೇನೆ. ಅಂದು ನಾನು ಅರ್ಧ ಗಂಟೆ ತಡವಾಗಿ ಹೊರಟಿದ್ದರೆ ಎಂಬ ಯೋಚನೆ ಬಂದರೆ ಇಂದಿಗೂ ಮೈ ತಣ್ಣಗಾಗುತ್ತದೆ. ಕಾಯಿಲೆಯ ಮಗು ಕಣ್ಣೆದುರು ಕೂತಿದ್ದಾಗ ಮೇಷ್ಟ್ರುಗಳಾದ ನಾವು ಹೆದರುತ್ತೇವೆ, ಬರದಿದ್ದಾಗ ಉಸಿರು ಬಿಡುತ್ತೇವೆ. ಹೆದರಬೇಕಾದದ್ದು ಬರದಿದ್ದಾಗ. ಹೆದರಿದ ಮೇಲೆ ಕೂತಿರಬಾರದು, ಚಪ್ಪಲಿ ಮೆಟ್ಟಿಕೊಂಡು ಹೊರಡಬೇಕು.