ಉರಿ ಮುಚ್ಚಲು ಕಲಿತ ಅಪ್ಪ

ಮೊನ್ನೆ ಕೃಷ್ಣರಾಜಪೇಟೆಯಿಂದ ಊರಿಗೆ ಬರುವಾಗ ದಾರಿ ಪಕ್ಕದ ಗದ್ದೆಯಲ್ಲಿ ಯಾರೋ ಕಬ್ಬಿನ ಸೋಗೆ ಸುಡುತ್ತಿದ್ದರು. ಹೊಗೆ ಬಸ್ಸಿನೊಳಗೇ ನುಗ್ಗಿತು. ಎಲ್ಲರೂ ಕಿಟಕಿ ಎಳೆದುಕೊಂಡರೆ ನಾನೊಬ್ಬಳು ಕತ್ತು ಹೊರಗೆ ಹಾಕಿ ಕುಳಿತಿದ್ದೆ. ಪಕ್ಕದ ಹೆಂಗಸು ನನ್ನನ್ನು ಒಂದು ಥರಾ ನೋಡಿದರು. ಅಷ್ಟೂ ಸೋಗೆ ಸುಮ್ಮನೆ ಬೂದಿಯಾಗುತ್ತಿದೆಯಲ್ಲ ಎಂಬ ನನ್ನ ಸಂಕಟ ಅವರಿಗೇನು ಗೊತ್ತು?

ನಿಮಗೂ ಗೊತ್ತಾಗಬೇಕಾದರೆ ನಮ್ಮಪ್ಪನ ಆಲೆಮನೆಯ ವಿಷಯ ಹೇಳಬೇಕು. ಅದಿರುವುದು ಅರಕೆರೆ ಹತ್ತಿರ, ನಾಲೆಯ ಬದಿಗೆ. ಬೆಲ್ಲದ ಬಣ್ಣ ಹೊಗಳಿದರೆ ಅಪ್ಪ ಸುಮ್ಮನಿರುತ್ತಿದ್ದ. ಒಲೆಯ ಉರಿ ಹೊಗಳಿದರೆ ಮೀಸೆ ತೀಡುತ್ತಿದ್ದ. ಆದರೆ ಕೊಪ್ಪರಿಗೆ ತೊಳೆದ ನೀರನ್ನು ಹೊಗಳಲು ಯಾರಿಂದಲೂ ಆಗುತ್ತಿರಲಿಲ್ಲ. ಕಪ್ಪಗೆ, ಹುಳಿ ನಾತ ಹೊಡೆಯುತ್ತಾ ಅದು ಕೆಳಗಿನ ಹೊಲದ ಜವರಮ್ಮ ಹಸುಗಳಿಗೆ ನೀರು ಕುಡಿಸುವ ಕಟ್ಟೆಗೆ ಸೇರುತ್ತಿತ್ತು. ಜವರಮ್ಮನ ಬದುಕೆಲ್ಲ ಹಸುಗಳ ಮೇಲೆ. ಒಂದು ವರ್ಷ ಆ ಹಸುಗಳು ನೀರನ್ನು ಮೂಸಿ ಹಿಂದೆ ಸರಿದವು.

ಜವರಮ್ಮ ನೇರವಾಗಿ ಆಲೆಮನೆಗೇ ಬಂದಳು. "ಅಣ್ಣಯ್ಯ, ನಿನ್ ಬೆಲ್ಲ ಸೀ ಇರ್ಬೋದು. ನನ್ ಅಸ ನೀರಿಲ್ದೆ ನಿಂತವೆ. ಯುಗಾದಿಯೊಳ್ಗೆ ಸರಿ ಮಾಡು, ಇಲ್ಲಾಂದ್ರೆ ಗಾಣ ನಿಲ್ಸು." ಊರಿನ ಹಿರಿಯರೂ ಅವಳ ಮಾತಿಗೇ ತಲೆಯಾಡಿಸಿದರು. ಗಾಣ ನಿಂತರೆ ಅಪ್ಪ ಮನುಷ್ಯನಾಗಿ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು.

ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವಳು. ಬೋರ್ಡು ಸಿಗದಿದ್ದರೆ ಗೋಡೆಗಾದರೂ ಪಾಠ ಮಾಡುವ ಚಟ. ಸೋಗೆ, ತೆಂಗಿನ ಚಿಪ್ಪನ್ನು ಗಾಳಿಯಾಡದಂತೆ ಸುಟ್ಟರೆ ಬಯೋಚಾರ್ ಎಂಬ ಇದ್ದಿಲಾಗುತ್ತದೆ, ಅದರ ಮೈತುಂಬ ಕಣ್ಣಿಗೆ ಕಾಣದ ತೂತು, ನೀರಿನ ಬಣ್ಣ, ನಾತ ಎಲ್ಲ ಅದರಲ್ಲಿ ಸಿಕ್ಕಿಕೊಳ್ಳುತ್ತವೆ ಎಂದು ಅಪ್ಪನಿಗೆ ವಿವರಿಸಿದೆ. ಅಪ್ಪ ಗುಂಡಿ ತೋಡಿದ, ಸೋಗೆ ತುಂಬಿದ, ಬೆಂಕಿ ಇಟ್ಟ. ಅಬ್ಬಾ, ಏನು ಉರಿ ಅಂತೀರಿ! ಕೆಂಡವಾದಾಗ, ಬೂದಿಯಾಗುವ ಮೊದಲೇ ನೀರು ಹುಯ್ಯಿ ಎಂದರೆ ಕೊಡ ಕೆಳಗಿಟ್ಟುಬಿಟ್ಟ.

"ಉರಿಯೋ ಒಲೆಗೆ ನೀರ್ ಉಯ್ದ್ರೆ ಮನೆ ಲಕ್ಷ್ಮಿ ಎದ್ದೋಯ್ತಾಳೆ. ನನ್ ಕೈಲಾಗಕಿಲ್ಲ ಕಣವ್ವ."

ಹಾಗಾಗಿ ಎಲ್ಲ ಬೆಳ್ಳಗೆ ಬೂದಿಯಾಯಿತು. ಪಾತ್ರೆ ತೊಳೆಯುವುದು ಬೂದಿಯಲ್ಲೇ ಅಲ್ಲವೇ, ನೀರನ್ನೂ ತೊಳೆಯುತ್ತದೆ ಎಂದು ನನ್ನನ್ನು ಕೇಳದೆ ಅದನ್ನೇ ನೀರಿನ ದಾರಿಗೆ ಸುರಿದ. ಬೂದಿಯ ಕ್ಷಾರ ಬೆರೆತು ಜವರಮ್ಮನ ಕಟ್ಟೆಯ ನೀರು ಸೋಪಿನ ಹಾಗೆ ಜಾರತೊಡಗಿತು. ಆಕೆ ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ.

ಯುಗಾದಿ ಹತ್ತಿರವಾಗುತ್ತಿತ್ತು. ಅಪ್ಪ ಊಟ ಬಿಟ್ಟು ಕೂತಿದ್ದ. ಆಗ ಬಾಬುರಾಯನಕೊಪ್ಪಲಿನಿಂದ ಅಪ್ಪನ ಅಕ್ಕ, ನನ್ನ ಸೋದರತ್ತೆ, ಬಂದಳು. ಕತೆಯೆಲ್ಲ ಕೇಳಿ ನಕ್ಕಳು.

"ನೀರ್ ಯಾಕ್ಲಾ ಉಯ್ಬೇಕು? ಅವ್ವ ಕೆಂಡದ್ ಮ್ಯಾಲೆ ಬೂದಿ ಮುಚ್ಚಿ ಮನೀಕತಿರ್ಲಿಲ್ವಾ? ಬೆಳಿಗ್ಗೆ ಅದೇ ಕೆಂಡದಲ್ಲಿ ಒಲೆ ಅತ್ತುಸ್ತಿದ್ಲು. ಅವ್ಳ್ ಕೈಲಿ ಲಕ್ಷ್ಮಿ ಎದ್ದೋದ್ಲಾ? ಮಣ್ ಮುಚ್ಚು, ಏಳು."

ಅಪ್ಪ ಎದ್ದ. ಈ ಸಲ ಉರಿ ಏರುತ್ತಿದ್ದಾಗಲೇ ಹಸಿಮಣ್ಣು ಎಳೆದು ಮುಚ್ಚಿದ. ಜೀವಮಾನವಿಡೀ ಉರಿ ಎಬ್ಬಿಸಿದವನು ಮುಚ್ಚಿದ ಗುಂಡಿಗೊಮ್ಮೆ ಕೈಮುಗಿದದ್ದನ್ನು ನಾನೇ ನೋಡಿದೆ. ಗುಂಡಿ ತಣ್ಣಗಾದ ಮೇಲೆ ತೆಗೆದರೆ ಕರ್ರಗೆ, ಹಗುರವಾದ ಇದ್ದಿಲು. ಕಬ್ಬಿನ ಹಾಲು ಕುದಿಯುವಾಗ ಮೇಲೇಳುವ ಮಡ್ಡಿಯನ್ನು ನೀರಿಗೆ ಸೇರದಂತೆ ಬೇರೆಯೇ ತೆಗೆದಿಟ್ಟೆವು. ನೀರನ್ನು ತೊಟ್ಟಿಯಲ್ಲಿ ತಿಳಿಯಾಗಲು ಬಿಟ್ಟು, ಮರಳು, ಇದ್ದಿಲಿನ ಮೂಲಕ ಹಾಯಿಸಿದೆವು. ನಾವು ಕುಡಿಯುವಂಥ ನೀರಾಯಿತೆಂದು ಸುಳ್ಳು ಹೇಳಲಾರೆ. ಆದರೆ ನಾತ ಹೋಗಿತ್ತು, ಕಪ್ಪೂ ಹೋಗಿತ್ತು.

ಯುಗಾದಿಗೆ ಮೊದಲೇ ಕಟ್ಟೆಯ ಹಳೇ ನೀರನ್ನು ಬಸಿದು ಹೊಸದನ್ನು ಬಿಟ್ಟೆವು. ಜವರಮ್ಮ ತನ್ನ ಹಸುಗಳಲ್ಲೇ ಬಲು ಮೊಂಡು ಹಸುವನ್ನು ಹಿಡಿದು ತಂದಳು. ಅದು ಮೂಸಿತು. ಕಿವಿ ಒದರಿತು. ಆಮೇಲೆ ಬಾಯಿಟ್ಟು ಸೊರ್ರನೆ ಕುಡಿಯಿತು. ಅಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ, ಬೆವರಂತೆ. ಕಾಲೇಜಿನಲ್ಲಿ ಯಾರು ಎಷ್ಟು ಚಪ್ಪಾಳೆ ತಟ್ಟಿದ್ದರೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ.

ಈಗ ಪಾಂಡವಪುರ, ನಾಗಮಂಗಲದ ಕಡೆಯವರೂ ಗುಂಡಿ ನೋಡಲು ಬರುತ್ತಾರೆ. ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಪಾಠ ಶುರು ಮಾಡಿರುತ್ತಾನೆ. ಮೊನ್ನೆ ಬಸ್ಸಿಳಿದು ಹೋದರೆ ಆಲೆಮನೆ ಸದ್ದಿಲ್ಲದೆ ಬಿದ್ದಿತ್ತು. ಗಾಣ ರಿಪೇರಿಗೆ ಬಂದಿತ್ತಂತೆ. ಅಂಗಳದಲ್ಲಿ ಜವರಮ್ಮ ಸೊಂಟಕ್ಕೆ ಕೈಯಿಟ್ಟು ನಿಂತು ಅಪ್ಪನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದಳು:

"ಗಾಣ ಯಾಕಣ್ಣಯ್ಯ ನಿಲ್ಸಿದ್ದೀಯ? ಕಟ್ಟೆ ಬತ್ತೋಯ್ತಾ ಅದೆ. ಬಿರ್ನೆ ಶುರು ಮಾಡು, ನನ್ ಅಸ ಏನ್ ಕುಡೀಬೇಕು?"